ಪುಸ್ತಕದಲ್ಲಿಲ್ಲದ ಮಗು: ಊರಿನ ಲಸಿಕೆ ರಿಜಿಸ್ಟರನ್ನು ಒರೆಗೆ ಹಚ್ಚುವ ಕ್ರಮ

ಕೆಲವು ವರ್ಷಗಳ ಹಿಂದೆ ಒಂದು ಆರೋಗ್ಯ ಉಪಕೇಂದ್ರದ ಗೋಡೆಯ ಮೇಲೆ ‘ಪೂರ್ಣ ಲಸಿಕೆ ಪಡೆದ ಮಕ್ಕಳು: ಶೇ 103’ ಎಂದು ಬರೆದದ್ದನ್ನು ನೋಡಿ ನಿಂತೆ. ನೂರು ಮಕ್ಕಳಿದ್ದಲ್ಲಿ ನೂರಾ ಮೂರು ಮಕ್ಕಳಿಗೆ ಲಸಿಕೆ ಹಾಕುವುದು ಹೇಗೆಂದು ಅಲ್ಲಿದ್ದ ಸಿಸ್ಟರ್ ಅವರನ್ನು ಕೇಳಿದೆ. ಅವರು ನಕ್ಕು, “ಬಾಣಂತನಕ್ಕೆ ತವರಿಗೆ ಬಂದವರೂ ಇದ್ದಾರಲ್ಲ ಸಾರ್” ಎಂದರು. ಅದು ನಿಜವೇ. ಮೇಲಿನ ಕಚೇರಿಯಿಂದ ಬಂದ ವರ್ಷದ ಗುರಿ 60 ಮಕ್ಕಳು, ಅವರು ಲಸಿಕೆ ಪೂರ್ಣಗೊಳಿಸಿದ್ದು 62 ಮಕ್ಕಳಿಗೆ. ಒಂದು ಅಂಕಿಯೂ ಕಟ್ಟುಕಥೆಯಲ್ಲ. ಆದರೂ ಅದೇ ದಿನ ಊರಾಚೆಯ ಇಟ್ಟಿಗೆ ಭಟ್ಟಿಯಲ್ಲಿ ಒಂದೂ ಚುಚ್ಚುಮದ್ದು ಕಾಣದ ಎರಡು ಕೂಸುಗಳನ್ನು ನೋಡಿ ಬಂದಿದ್ದೆ. ಅವು ಆ 60ರಲ್ಲೂ ಇರಲಿಲ್ಲ, 62ರಲ್ಲೂ ಇರಲಿಲ್ಲ.

ಲಸಿಕೆ ಲೆಕ್ಕದ ಮಾತು ಬಂದ ಕೂಡಲೇ ಎಲ್ಲರೂ ಕೇಳುವ ಪ್ರಶ್ನೆ ‘ಹಾಕದೆಯೇ ಹಾಕಿದಂತೆ ಬರೆದಿದ್ದಾರೆಯೇ?’ ಎಂಬುದು. ಹಾಗೆ ಬರೆಯುವವರೂ ಇದ್ದಾರೆ. ಆದರೆ ನಾನು ಕಂಡಂತೆ ಶೇಕಡಾವಾರು ದಾರಿ ತಪ್ಪುವುದು ಹೆಚ್ಚಾಗಿ ಬರೆಯದೆ ಬಿಟ್ಟ ಹೆಸರುಗಳಿಂದ. ಆದ್ದರಿಂದ ಇಲ್ಲಿ ಹೇಳುವ ಪರಿಶೀಲನೆಯ ಅರ್ಧ ಭಾಗ ರಿಜಿಸ್ಟರಿನ ಹೊರಗೇ ನಡೆಯುತ್ತದೆ.

ಗ್ರಾಮ ಪಂಚಾಯಿತಿ ಸದಸ್ಯರು, ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕ ಸಮಿತಿಯವರು, ಹೊಸದಾಗಿ ಕೆಲಸಕ್ಕೆ ಸೇರಿದ ಆರೋಗ್ಯ ಸಿಬ್ಬಂದಿ, ಜಿಲ್ಲಾ ವರದಿಗಾರರು – ಯಾರು ಬೇಕಾದರೂ ಇದನ್ನು ಮಾಡಬಹುದು. ಒಂದು ಉಪಕೇಂದ್ರಕ್ಕೆ ಎರಡು ದಿನ ಸಾಕು. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯಾಧಿಕಾರಿಯ ಅನುಮತಿ ಪಡೆದೇ ಹೊರಡಿ. ರಿಜಿಸ್ಟರಿನಲ್ಲಿ ತಾಯಂದಿರ ಹೆಸರು, ಫೋನ್ ಸಂಖ್ಯೆ ಇರುತ್ತವೆ. ಪುಟಗಳ ಫೋಟೊ ತೆಗೆಯಬೇಡಿ.

ಹೆಜ್ಜೆ 1: ಒಂದು ಚುಚ್ಚುಮದ್ದು ಎಷ್ಟು ಕಡೆ ಬರಹವಾಗುತ್ತದೆ?

ಲಸಿಕೆಯ ದಿನ, ನಮ್ಮ ಕಡೆ ಹೆಚ್ಚಾಗಿ ಗುರುವಾರ, ಅಂಗನವಾಡಿಯಲ್ಲಿ ಒಂದು ಮೂಲೆಗೆ ಕುಳಿತು ಸುಮ್ಮನೆ ನೋಡಿ. ಆಶಾ ಕಾರ್ಯಕರ್ತೆಯ ಕೈಯಲ್ಲಿ ಡ್ಯೂ ಲಿಸ್ಟ್ ಇರುತ್ತದೆ: ಈ ವಾರ ಯಾವ ಮಗುವಿಗೆ ಯಾವ ಲಸಿಕೆ ಬಾಕಿ ಎಂಬ ಪಟ್ಟಿ. ಸಿಸ್ಟರ್ ಚುಚ್ಚಿದ ಮೇಲೆ ಟ್ಯಾಲಿ ಶೀಟಿನಲ್ಲಿ ಒಂದು ಗೆರೆ ಎಳೆಯುತ್ತಾರೆ, ತಾಯಿ ಕಾರ್ಡಿನಲ್ಲಿ ದಿನಾಂಕ ಬರೆಯುತ್ತಾರೆ. ಸಂಜೆಯೋ ಮರುದಿನವೋ ಅದು ತಾಯಿ-ಮಗುವಿನ ಆರೋಗ್ಯ ದಾಖಲೆಯಾದ ಆರ್‌ಸಿಎಚ್ ರಿಜಿಸ್ಟರಿಗೆ ಏರುತ್ತದೆ, ಲಸಿಕೆ ದಾಖಲಿಸುವ ಯು-ವಿನ್ ತಂತ್ರಾಂಶಕ್ಕೆ ಹೋಗುತ್ತದೆ. ತಿಂಗಳ ಕೊನೆಗೆ ಹೆಸರುಗಳೆಲ್ಲ ಕಳಚಿ, ಬರೀ ಮೊತ್ತ ಆರೋಗ್ಯ ಇಲಾಖೆಯ ಎಚ್‌ಎಂಐಎಸ್ ವರದಿಗೆ ಸೇರುತ್ತದೆ. ಪತ್ರಿಕೆಯಲ್ಲಿ ಬರುವ ‘ಜಿಲ್ಲೆಯಲ್ಲಿ ಶೇ ಇಷ್ಟು ಸಾಧನೆ’ ಎಂಬುದು ಈ ಕೊನೆಯ ಮೊತ್ತದಿಂದ ಹುಟ್ಟಿದ್ದು.

ಒಂದೇ ಚುಚ್ಚುಮದ್ದನ್ನು ಐದು ಸಲ ಬರೆಯುವುದು ಸಿಬ್ಬಂದಿಗೆ ತಲೆನೋವು. ಪರಿಶೀಲಿಸುವ ನಿಮಗೆ ಅದೇ ಅನುಕೂಲ. ಒಂದರೊಡನೆ ಇನ್ನೊಂದನ್ನು ತಾಳೆ ನೋಡಬಹುದು.

‘ಪೂರ್ಣ ಲಸಿಕೆ’ ಎಂದರೆ ಏನೆಂಬುದನ್ನೂ ಮೊದಲೇ ಖಚಿತ ಮಾಡಿಕೊಳ್ಳಿ. ಒಂದು ವರ್ಷ ತುಂಬುವುದರೊಳಗೆ ಕ್ಷಯದ ವಿರುದ್ಧದ ಬಿಸಿಜಿ, ಒಂದೂವರೆ, ಎರಡೂವರೆ, ಮೂರೂವರೆ ತಿಂಗಳಿನ ಮೂರು ಪೋಲಿಯೊ ಹನಿ ಮತ್ತು ಮೂರು ಪೆಂಟಾ (ಐದು ರೋಗಗಳ ವಿರುದ್ಧದ ಒಂದೇ ಚುಚ್ಚುಮದ್ದು), ಒಂಬತ್ತು ತಿಂಗಳ ದಡಾರ-ರುಬೆಲ್ಲಾ – ಇಷ್ಟು ಬಿದ್ದಿದ್ದರೆ ರೂಢಿಯ ಲೆಕ್ಕದಲ್ಲಿ ಪೂರ್ಣ. ರೋಟಾವೈರಸ್, ನ್ಯುಮೋಕಾಕಲ್ ಲಸಿಕೆಗಳು ವೇಳಾಪಟ್ಟಿಯಲ್ಲಿದ್ದರೂ ಈ ಹಳೆಯ ವ್ಯಾಖ್ಯೆಯಲ್ಲಿಲ್ಲ. ಇಬ್ಬರು ಅಧಿಕಾರಿಗಳು ಎರಡು ಅಂಕಿ ಹೇಳಿದರೆ ಇಬ್ಬರೂ ಒಂದೇ ವ್ಯಾಖ್ಯೆ ಇಟ್ಟುಕೊಂಡಿದ್ದಾರೆಯೇ ಎಂದು ಕೇಳಿ. ಅರ್ಧ ಜಗಳ ಅಲ್ಲಿಗೇ ಮುಗಿಯುತ್ತದೆ.

ಹೆಜ್ಜೆ 2: ಮೊದಲು ಛೇದವನ್ನು ಹಿಡಿಯಿರಿ

ಶೇಕಡಾವಾರು ಒಂದು ಭಿನ್ನರಾಶಿ. ಮೇಲಿನ ಅಂಶ ಚುಚ್ಚುಮದ್ದು ಪಡೆದ ಮಕ್ಕಳು, ಕೆಳಗಿನ ಛೇದ ಪಡೆಯಬೇಕಾದ ಮಕ್ಕಳು. ಅಂಶಕ್ಕೆ ಸೂಜಿ, ವಯಲ್ (ಲಸಿಕೆಯ ಪುಟ್ಟ ಸೀಸೆ), ಕಾರ್ಡು ಎಂಬ ಸಾಕ್ಷಿಗಳಿವೆ. ಛೇದಕ್ಕೆ ಅಂಥ ಸಾಕ್ಷಿ ಕಡಿಮೆ. 2021ರಲ್ಲಿ ಆಗಬೇಕಿದ್ದ ಜನಗಣತಿ ಆಗ ನಡೆಯದ ಕಾರಣ 2011ರ ಜನಸಂಖ್ಯೆಯನ್ನೇ ಹಿಗ್ಗಿಸಿ, ಅದಕ್ಕೆ ಜನನ ದರ ಹಚ್ಚಿ ಗುರಿ ಹಂಚುತ್ತ ಬಂದರು. ಬೆಂಗಳೂರಿನ ಅಂಚಿನ ಹಳ್ಳಿ ಈ ಅವಧಿಯಲ್ಲಿ ಎರಡು ಪಟ್ಟಾಗಿರಬಹುದು. ಗುಳೆ ಹೋಗುವ ಊರು ಕರಗಿರಬಹುದು. ಸೂತ್ರಕ್ಕೆ ಅದು ಗೊತ್ತಾಗುವುದಿಲ್ಲ.

ನೀವೇ ಒಂದು ಅಂದಾಜು ಮಾಡಿ. ಬಯಲು ಸೀಮೆಯ ಉಪಕೇಂದ್ರಕ್ಕೆ ನಿಗದಿಯಾದ ಜನಸಂಖ್ಯೆ 5,000 (ಗುಡ್ಡಗಾಡಿನಲ್ಲಿ 3,000). 2020ರ ಮಾದರಿ ನೋಂದಣಿ ಸಮೀಕ್ಷೆಯಂತೆ ಕರ್ನಾಟಕದ ಜನನ ದರ ಸಾವಿರಕ್ಕೆ 16.5. ಅಂದರೆ ವರ್ಷಕ್ಕೆ ಸುಮಾರು 82 ಜನನ. ಶಿಶು ಮರಣ ದರ ಸಾವಿರ ಜನನಕ್ಕೆ 19; ಆ ಲೆಕ್ಕದಲ್ಲಿ ಒಂದೆರಡು ಕಳೆದರೆ ಉಳಿಯುವುದು 81 ಮಕ್ಕಳು, ತಿಂಗಳಿಗೆ ಆರೇಳು. ರಿಜಿಸ್ಟರಿನಲ್ಲಿ ಆ ವರ್ಷ ಹುಟ್ಟಿದ ಮಕ್ಕಳು 64 ಮಾತ್ರ ಇದ್ದು, ಆ 64ಕ್ಕೂ ಲಸಿಕೆ ಪೂರ್ಣವಾಗಿದೆ ಎನ್ನೋಣ. ಪುಸ್ತಕದ ಲೆಕ್ಕ ಶೇ 100, ಅಂದಾಜಿನ ಲೆಕ್ಕ ಶೇ 79. ಯಾರೂ ಸುಳ್ಳು ಬರೆದಿಲ್ಲ.

ಉಳಿದ 17 ಮಕ್ಕಳು ಎಲ್ಲಿ? ಕೆಲವರು ಇಲ್ಲದೆಯೂ ಇರಬಹುದು. ಜನನ ದರ ಊರೂರಿಗೆ ಬೇರೆ. ಅದಕ್ಕೇ ಇನ್ನೂ ಎರಡು ಮೂಲಗಳನ್ನು ನೋಡಿ. ಒಂದು, ಪಲ್ಸ್ ಪೋಲಿಯೊ ಲೆಕ್ಕ. ಐದು ವರ್ಷದೊಳಗಿನ ಮಕ್ಕಳನ್ನು ಮನೆಮನೆಗೆ ಹೋಗಿ, ಬಾಗಿಲಿಗೆ ಗುರುತು ಹಾಕಿ, ಬೆರಳಿಗೆ ಶಾಯಿ ಹಚ್ಚಿ ಎಣಿಸುವ ಕೆಲಸ ಅದು. ಆ ಸಂಖ್ಯೆಯನ್ನು ಐದರಿಂದ ಭಾಗಿಸಿದರೆ ಒಂದು ವರ್ಷದ ಮಕ್ಕಳ ಒರಟು ಲೆಕ್ಕ ಸಿಗುತ್ತದೆ. ನನಗೆ ಕಚೇರಿಯ ಗುರಿಗಿಂತ ಇದರ ಮೇಲೆ ಹೆಚ್ಚು ನಂಬಿಕೆ. ಇನ್ನೊಂದು, ಅಂಗನವಾಡಿ ಕಾರ್ಯಕರ್ತೆಯ ಕುಟುಂಬ ಸಮೀಕ್ಷೆ ಪುಸ್ತಕ. ಅವರು ಅದೇ ಊರಿನಲ್ಲಿ ಇರುವವರು. ಯಾರ ಮನೆಯಲ್ಲಿ ತೊಟ್ಟಿಲು ಕಟ್ಟಿದೆ ಎಂಬುದು ಅವರಿಗೆ ಗೊತ್ತು.

ಜನನ ನೋಂದಣಿ ಪುಸ್ತಕ ನೋಡಿದರಾಯಿತಲ್ಲ ಎಂದು ಹಲವರು ಹೇಳುತ್ತಾರೆ. ಅಲ್ಲೇ ಎಡವುವುದು. ಜನನ ನೋಂದಣಿಯಾಗುವುದು ಹುಟ್ಟಿದ ಸ್ಥಳದಲ್ಲಿ, ತಂದೆತಾಯಿ ವಾಸಿಸುವ ಊರಿನಲ್ಲಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದಲ್ಲಿ ಶೇ 97ರಷ್ಟು ಹೆರಿಗೆ ಆಸ್ಪತ್ರೆಯಲ್ಲೇ. ಹೀಗಾಗಿ ತಾಲ್ಲೂಕು ಕೇಂದ್ರದ ಪುಸ್ತಕದಲ್ಲಿ ಜನನಗಳ ರಾಶಿ, ಹಳ್ಳಿಯ ಪುಸ್ತಕ ಬಹುತೇಕ ಖಾಲಿ. ಆ ಪುಸ್ತಕವನ್ನು ಛೇದ ಮಾಡಿಕೊಂಡರೆ ಪಟ್ಟಣ ಸೋಮಾರಿಯಾಗಿಯೂ ಹಳ್ಳಿ ಚಿನ್ನದಂತೆಯೂ ಕಾಣುತ್ತದೆ.

ತವರಿನ ಬಾಣಂತನದ ವಿಷಯವನ್ನು ಇಲ್ಲಿ ಬಿಡಿಸಿ ಹೇಳಬೇಕು, ಏಕೆಂದರೆ ನಮ್ಮ ರಿಜಿಸ್ಟರುಗಳು ಗೋಜಲಾಗುವುದಕ್ಕೆ ಇದಕ್ಕಿಂತ ದೊಡ್ಡ ಕಾರಣ ನಾನು ಕಂಡಿಲ್ಲ. ಗರ್ಭಿಣಿಯ ಹೆಸರು ಗಂಡನ ಊರಿನಲ್ಲಿ ದಾಖಲಾಗಿರುತ್ತದೆ. ಏಳು ತಿಂಗಳಿಗೆ ಸೀಮಂತ ಮಾಡಿಸಿಕೊಂಡು ತವರಿಗೆ ಹೋಗುತ್ತಾಳೆ. ಹೆರಿಗೆ ಮೂರನೆಯ ಊರಿನ ಆಸ್ಪತ್ರೆಯಲ್ಲಿ. ಒಂದೂವರೆ, ಎರಡೂವರೆ ತಿಂಗಳ ಚುಚ್ಚುಮದ್ದು ತವರಿನಲ್ಲಿ. ಐದು ತಿಂಗಳಿಗೆ ಗಂಡನ ಮನೆಗೆ ವಾಪಸು, ಒಂಬತ್ತು ತಿಂಗಳದ್ದು ಅಲ್ಲಿ. ತವರಿನ ಸಿಸ್ಟರ್ ಆಸ್ಪತ್ರೆಯ ಚೀಟಿ ನೋಡಿ ‘ಲಕ್ಷ್ಮಿ ಅವರ ಮಗು’ ಎಂದು ಬರೆದಿರುತ್ತಾರೆ. ನಾಮಕರಣ ಆದ ಮೇಲೆ ಗಂಡನ ಊರಿನ ಪುಸ್ತಕದಲ್ಲಿ ಅದೇ ಕೂಸು ಬೇರೆ ಹೆಸರಿನಲ್ಲಿ, ಬೇರೆ ಇನಿಷಿಯಲ್ಲಿನಲ್ಲಿ ಹೊಸದಾಗಿ ಹುಟ್ಟುತ್ತದೆ. ಒಂದು ಪುಸ್ತಕದಲ್ಲಿ ‘ಅರ್ಧಕ್ಕೆ ಬಿಟ್ಟ ಮಗು’, ಇನ್ನೊಂದರಲ್ಲಿ ‘ಮೊದಲ ಡೋಸುಗಳಿಲ್ಲದ ಮಗು’. ಕಾರ್ಡು ಕಳೆದುಹೋಗಿದ್ದರಂತೂ ಎರಡನ್ನೂ ಜೋಡಿಸುವುದಕ್ಕೆ ತಾಯಿಯ ನೆನಪು ಬಿಟ್ಟರೆ ಬೇರೇನೂ ಇಲ್ಲ. ಆದ್ದರಿಂದ ರಿಜಿಸ್ಟರಿನ ಪ್ರತಿ ಸಾಲಿನ ಮುಂದೆ ಮೂರರಲ್ಲಿ ಒಂದು ಗುರುತು ಹಾಕಿಸಿ: ಇಲ್ಲಿಯ ಸೊಸೆ, ತವರಿಗೆ ಬಂದವಳು, ವಲಸೆ ಬಂದವರು. ಶೇಕಡಾವಾರು ಲೆಕ್ಕಕ್ಕೆ ಮೊದಲ ಗುಂಪನ್ನಷ್ಟೇ ಹಿಡಿದು ನೋಡಿ. ಗೋಡೆಯ ಮೇಲಿನ ಆ 103 ಆಗ ಎಷ್ಟಕ್ಕೆ ಇಳಿಯುತ್ತದೆಂದು ತಿಳಿಯುತ್ತದೆ.

ಹೆಜ್ಜೆ 3: ಅಂಶದ ಪರೀಕ್ಷೆ

ಯಾವುದಾದರೂ ಒಂದು ತಿಂಗಳು, ಒಂದು ಲಸಿಕೆ ಆರಿಸಿಕೊಳ್ಳಿ. ನಾನು ಮೂರನೆಯ ಪೆಂಟಾ ಆರಿಸುತ್ತೇನೆ. ಆ ತಿಂಗಳ ಟ್ಯಾಲಿ ಶೀಟುಗಳನ್ನೆಲ್ಲ ಹರಡಿ ಗೆರೆಗಳನ್ನು ನೀವೇ ಎಣಿಸಿ. ರಿಜಿಸ್ಟರಿನಲ್ಲಿ ಆ ತಿಂಗಳ ದಿನಾಂಕಗಳನ್ನು ಎಣಿಸಿ. ಆಮೇಲೆ ಎಚ್‌ಎಂಐಎಸ್ ವರದಿಯ ಅಂಕಿ ನೋಡಿ. ಟ್ಯಾಲಿಯಲ್ಲಿ 7, ವರದಿಯಲ್ಲಿ 9 ಇದ್ದರೆ ಏಳನ್ನು ಒಂಬತ್ತರಿಂದ ಭಾಗಿಸಿ: 0.78. ವಿಶ್ವ ಆರೋಗ್ಯ ಸಂಸ್ಥೆಯ ದತ್ತಾಂಶ ಪರಿಶೀಲನೆಯ ವಿಧಾನದಲ್ಲೂ ಈ ಮರು ಎಣಿಕೆಯ ಅನುಪಾತವೇ ಮುಖ್ಯ. ಒಂದಕ್ಕಿಂತ ಕಡಿಮೆ ಬಂದರೆ ಹೆಚ್ಚಿಗೆ ವರದಿಯಾಗಿದೆ. ಒಂದನ್ನು ದಾಟಿದರೆ ಹಾಕಿದ್ದು ವರದಿಯಾಗಿಲ್ಲ. ಎರಡನೆಯದೂ ಅಪರೂಪವಲ್ಲ.

ವಯಲ್ ಸುಳ್ಳು ಹೇಳುವುದಿಲ್ಲ. ಪೆಂಟಾದ ವಯಲ್‌ನಲ್ಲಿ 10 ಡೋಸ್. ಪ್ರಾಥಮಿಕ ಆರೋಗ್ಯ ಕೇಂದ್ರ ಒಂದು ತಿಂಗಳಲ್ಲಿ ಮೂರೂ ಪೆಂಟಾ ಸೇರಿ 130 ಡೋಸ್ ಹಾಕಿದ್ದೇವೆ ಎಂದು ವರದಿ ಮಾಡಿದೆ, ಸ್ಟಾಕ್ ಪುಸ್ತಕದಲ್ಲಿ 11 ವಯಲ್ ಮಾತ್ರ ಖರ್ಚಾಗಿವೆ ಎಂದಿಟ್ಟುಕೊಳ್ಳಿ. ಉಳಿದ 20 ಡೋಸ್ ಎಲ್ಲಿಂದ ಬಂತು? ತೆರೆದ ಪೆಂಟಾ ವಯಲನ್ನು ನಿಯಮದಂತೆ ನಾಲ್ಕು ವಾರ ಬಳಸಬಹುದು, ಹಾಗಾಗಿ ಹಿಂದಿನ ತಿಂಗಳ ಒಂದೆರಡು ವಯಲ್ ಉಳಿದಿದ್ದವೇ ಎಂದು ಕೇಳಿ. ಮೂರು ತಿಂಗಳ ಲೆಕ್ಕ ಒಟ್ಟಿಗೆ ಹಾಕಿದರೆ ಆ ಸಬೂಬು ಕರಗುತ್ತದೆ. ಈ ಪರೀಕ್ಷೆಯನ್ನು ಉಪಕೇಂದ್ರದ ಮಟ್ಟದಲ್ಲಿ ಮಾಡಬೇಡಿ. ವಯಲ್‌ಗಳು ಐಸ್ ಪೆಟ್ಟಿಗೆಯಲ್ಲಿ ಹೋಗಿ ಬಂದು ಇನ್ನೊಂದು ಉಪಕೇಂದ್ರಕ್ಕೂ ಹೋಗುತ್ತಿರುತ್ತವೆ. ಬಿಸಿಜಿ ಮತ್ತು ದಡಾರ-ರುಬೆಲ್ಲಾ ಕಲಸಿದ ಮೇಲೆ ನಾಲ್ಕೇ ಗಂಟೆ ಬಾಳುವುದರಿಂದ ಅವುಗಳಲ್ಲಿ ವ್ಯರ್ಥ ಸಹಜವಾಗಿಯೇ ಹೆಚ್ಚು. ಅಲ್ಲಿ ವಯಲ್ ಜಾಸ್ತಿ ಖರ್ಚಾಗಿದ್ದರೆ ಅನುಮಾನ ಪಡಬೇಡಿ. ವ್ಯರ್ಥ ಸೊನ್ನೆ ಎಂದು ಬರೆದಿದ್ದರೆ ಪಡಿ.

ಮೊದಲ ಪೆಂಟಾ ಪಡೆದವರಲ್ಲಿ ಎಷ್ಟು ಮಂದಿ ಮೂರನೆಯದಕ್ಕೆ ಬರಲಿಲ್ಲ ಎಂಬುದು ಡ್ರಾಪ್‌ಔಟ್. ಶೇ 10ರೊಳಗೆ ಇದ್ದರೆ ಸರಿ ಎನ್ನುವುದು ವಾಡಿಕೆ. ಅದು ಋಣ ಸಂಖ್ಯೆಯಾಗಿ, ಅಂದರೆ ಮೊದಲನೆಯದಕ್ಕಿಂತ ಮೂರನೆಯದು ಪಡೆದವರೇ ಹೆಚ್ಚಾಗಿ ಬಂದರೆ, ತವರಿನ ಕಥೆ ಅಥವಾ ಬರಹದ ತಪ್ಪು ಎರಡರಲ್ಲೊಂದು.

ಇನ್ನು ದಿನಾಂಕಗಳು. ರಿಜಿಸ್ಟರಿನ ಒಂದು ಪುಟವನ್ನು ಅರ್ಧ ಗಂಟೆ ನಿಧಾನವಾಗಿ ಓದಿ. ಎರಡು ಡೋಸುಗಳ ನಡುವೆ ಕನಿಷ್ಠ ನಾಲ್ಕು ವಾರ ಇರಬೇಕು. ಒಂಬತ್ತು ತಿಂಗಳು ತುಂಬುವ ಮೊದಲೇ ದಡಾರದ ದಿನಾಂಕ ಇರಬಾರದು. ಗೋಡೆಯ ಕ್ಯಾಲೆಂಡರ್ ಪಕ್ಕದಲ್ಲಿಟ್ಟುಕೊಳ್ಳಿ. ಒಮ್ಮೆ ನಾನು ನೋಡಿದ ಪುಟದಲ್ಲಿ ಹನ್ನೊಂದು ಮಕ್ಕಳಿಗೆ ಲಸಿಕೆ ಹಾಕಿದ ದಿನ ಗಣೇಶ ಚತುರ್ಥಿಯಾಗಿತ್ತು. ವಂಚನೆ ಎಂದುಕೊಂಡೆ. ಪುಟವನ್ನು ಬೆಳಕಿಗೆ ಹಿಡಿದಾಗ ಶಾಯಿಯ ಅಡಿಯಲ್ಲಿ ಪೆನ್ಸಿಲ್ ಗುರುತು ಕಂಡಿತು. ಮುಂದೆ ಬರಬೇಕಾದ ದಿನವನ್ನು ಪೆನ್ಸಿಲ್ಲಿನಲ್ಲಿ ಬರೆದಿಟ್ಟು, ಲಸಿಕೆ ಹಾಕಿದ ಮೇಲೆ ಅದರ ಮೇಲೆಯೇ ಪೆನ್ನು ಆಡಿಸಿದ್ದರು. ತಾಯಿ ಕಾರ್ಡುಗಳಲ್ಲಿ ನಿಜವಾದ ದಿನಾಂಕ ಒಂದು ವಾರ ಆಚೆಗಿತ್ತು. ಮಕ್ಕಳೆಲ್ಲರಿಗೂ ಲಸಿಕೆ ಆಗಿತ್ತು. ಅಂದಿನಿಂದ ನಾನು ಕಾರ್ಡು ನೋಡದೆ ಯಾರ ಮೇಲೂ ದೂರು ಹೇಳಿಲ್ಲ.

ಒಂದೂವರೆ ತಿಂಗಳಿನಲ್ಲಿ ಹಲವು ಲಸಿಕೆಗಳನ್ನು ಒಟ್ಟಿಗೆ ಕೊಡುವುದರಿಂದ ಅವುಗಳ ಸಂಖ್ಯೆ ಹತ್ತಿರ ಹತ್ತಿರ ಇರುತ್ತದೆ. ರೋಟಾವೈರಸ್ ಸ್ಟಾಕ್ ಮುಗಿದ ತಿಂಗಳಲ್ಲೂ ಅದರ ಸಂಖ್ಯೆ ಪೆಂಟಾದಷ್ಟೇ ಇದ್ದರೆ ಯಾರೋ ಮೇಲಿನ ಸಾಲನ್ನು ನಕಲು ಮಾಡಿದ್ದಾರೆ.

ಹೆಜ್ಜೆ 4: ಪುಸ್ತಕದಿಂದ ಮನೆಗೆ, ಮನೆಯಿಂದ ಪುಸ್ತಕಕ್ಕೆ

ಒಂದೇ ದಿನ ಕೈಯಲ್ಲಿದ್ದರೆ ಉಳಿದೆಲ್ಲ ಬಿಟ್ಟು ಇದನ್ನು ಮಾಡಿ.

ಬೆಳಿಗ್ಗೆ: ರಿಜಿಸ್ಟರಿನಿಂದ ಒಂದರಿಂದ ಎರಡು ವರ್ಷದೊಳಗಿನ ಹತ್ತು ಮಕ್ಕಳ ಹೆಸರು ಆರಿಸಿ. ಹೆಸರು ನೀವು ಆರಿಸಿ. ‘ಈ ಮನೆಗೆ ಹೋಗೋಣ ಬನ್ನಿ’ ಎಂದು ಬೇರೆಯವರು ಕರೆದೊಯ್ದರೆ ಆ ಮನೆಯಲ್ಲಿ ಕಾರ್ಡು ಪ್ಲಾಸ್ಟಿಕ್ ಕವರಿನಲ್ಲಿ ಸಿದ್ಧವಾಗಿರುತ್ತದೆ. ಮನೆಗೆ ಹೋಗಿ ಕಾರ್ಡಿನ ದಿನಾಂಕಗಳನ್ನು ತಾಳೆ ನೋಡಿ. ಕಾರ್ಡು ಇಲ್ಲದಿದ್ದರೆ ತಾಯಿಯನ್ನು ಲಸಿಕೆಯ ಹೆಸರು ಹಿಡಿದು ಕೇಳಬೇಡಿ. “ಎಡ ರಟ್ಟೆಗೆ ಚುಚ್ಚಿ ಗುಳ್ಳೆಯಾಗಿ ಕಲೆ ಉಳಿಯಿತೇ ಅಮ್ಮ? ತೊಡೆಗೆ ಚುಚ್ಚಿಸಲು ಎಷ್ಟು ಸಲ ಕರೆದುಕೊಂಡು ಹೋದಿರಿ? ಮಗು ಅಂಬೆಗಾಲಿಡುವಾಗ ಬಲ ರಟ್ಟೆಗೆ ಹಾಕಿಸಿದ್ದಿರಾ?” ಎಂದು ಕೇಳಿ. ಬಾಯಿಗೆ ಹಾಕಿದ ಹನಿಯ ಬಗ್ಗೆ ಮಾತ್ರ ನೆನಪನ್ನು ನಂಬುವುದು ಕಷ್ಟ. ಪಲ್ಸ್ ಪೋಲಿಯೊ ಹನಿಯೂ ಅದರಲ್ಲೇ ಸೇರಿಬಿಡುತ್ತದೆ.

ಮಧ್ಯಾಹ್ನ: ರಿಜಿಸ್ಟರನ್ನು ಮುಚ್ಚಿಡಿ. ಅದರಲ್ಲಿ ಹೆಸರಿರಲಾರದ ಜಾಗಗಳಿಗೆ ನಡೆಯಿರಿ. ಇಟ್ಟಿಗೆ ಭಟ್ಟಿ, ಕಬ್ಬು ಕಡಿಯುವವರ ಗುಡಿಸಲು, ಕಟ್ಟಡ ಕಾರ್ಮಿಕರ ತಗಡಿನ ಶೆಡ್ಡು, ಕಾಫಿ ತೋಟದ ಲೈನ್ ಮನೆ, ತಾಂಡಾ, ಹಾಡಿ, ಎರಡು ಉಪಕೇಂದ್ರಗಳ ಗಡಿಯಲ್ಲಿರುವ ಒಂಟಿ ಮನೆಗಳು, ಹೊಸ ಬಡಾವಣೆ. ಅದೇ ವಯಸ್ಸಿನ ಹತ್ತು ಮಕ್ಕಳನ್ನು ಹುಡುಕಿ, ಹೆಸರು ಬರೆದುಕೊಂಡು ಬಂದು ರಿಜಿಸ್ಟರಿನಲ್ಲಿ ಹುಡುಕಿ.

ಬೆಳಗಿನ ಹತ್ತು ಹೆಸರು ಅಂಶದ ಪ್ರಾಮಾಣಿಕತೆ ಹೇಳುತ್ತವೆ, ಮಧ್ಯಾಹ್ನದ ಹತ್ತು ಛೇದದ ತೂತು ತೋರಿಸುತ್ತವೆ. ಬೆಳಗಿನ ಹತ್ತಕ್ಕೆ ಹತ್ತೂ ಸರಿಯಿದ್ದು ಮಧ್ಯಾಹ್ನದ ಹತ್ತರಲ್ಲಿ ಆರೇ ಪುಸ್ತಕದಲ್ಲಿ ಸಿಕ್ಕ ದಿನಗಳನ್ನು ನಾನು ಕಂಡಿದ್ದೇನೆ. ಆ ಸಿಸ್ಟರ್ ಕೆಲಸದಲ್ಲಿ ಯಾವ ಲೋಪವೂ ಇರಲಿಲ್ಲ, ಅವರಿಗೆ ಭಟ್ಟಿಯನ್ನು ಯಾರೂ ಹಂಚಿಕೊಟ್ಟಿರಲಿಲ್ಲ.

ಒಂದು ಎಚ್ಚರಿಕೆ: ಈ ಇಪ್ಪತ್ತು ಮಕ್ಕಳಿಂದ ಶೇಕಡಾವಾರು ತೆಗೆಯಬೇಡಿ. ಹಾಗೆ ತೆಗೆಯುವುದಕ್ಕೆ ಬೇರೆ ಶಿಸ್ತಿದೆ. ವಿಶ್ವ ಆರೋಗ್ಯ ಸಂಸ್ಥೆ ದಶಕಗಳ ಕಾಲ ಹೇಳಿಕೊಟ್ಟ ವಿಧಾನದಲ್ಲಿ 30 ಗುಚ್ಛಗಳನ್ನು (ಊರು ಅಥವಾ ವಾರ್ಡುಗಳನ್ನು) ಚೀಟಿ ಎತ್ತಿದಂತೆ ಆರಿಸಿ, ತಲಾ 7 ಮಕ್ಕಳಂತೆ 210 ಮಕ್ಕಳನ್ನು ನೋಡಬೇಕಿತ್ತು. ಈಗಿನ ವಿಧಾನ ಇನ್ನೂ ಕಟ್ಟುನಿಟ್ಟು. ನೀವು ಬೇಕೆಂದೇ ಕಷ್ಟದ ಜಾಗಗಳಿಗೆ ಹೋಗಿದ್ದೀರಿ. ತಪ್ಪು ಯಾವ ಬಗೆಯದು ಎಂದು ಹೇಳುವುದಕ್ಕೆ ಈ ಇಪ್ಪತ್ತು ಸಾಕು, ಎಷ್ಟು ಎಂದು ಹೇಳುವುದಕ್ಕೆ ಸಾಲದು.

ಹೆಜ್ಜೆ 5: ಸಮೀಕ್ಷೆಯ ಅಂಕಿಯ ಪಕ್ಕದಲ್ಲಿಟ್ಟು ನೋಡುವಾಗ

ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಮನೆಗೇ ಹೋಗಿ ಕೇಳುತ್ತದೆ, ಆದ್ದರಿಂದ ಗುರಿ ಹಂಚಿಕೆಯ ಗೊಂದಲ ಅದಕ್ಕಿಲ್ಲ. ಅದರ ಪ್ರಕಾರ ಕರ್ನಾಟಕದಲ್ಲಿ 12ರಿಂದ 23 ತಿಂಗಳ ಮಕ್ಕಳಲ್ಲಿ ಪೂರ್ಣ ಲಸಿಕೆ ಪಡೆದವರು 2015–16ರಲ್ಲಿ ಶೇ 62.6, 2019–21ರಲ್ಲಿ ಶೇ 84.1. ಜಿಲ್ಲೆಯ ವರದಿ ಅದೇ ಹೊತ್ತಿಗೆ ಶೇ 98 ಎಂದಿದ್ದರೆ ಕೂಡಲೇ ಸುಳ್ಳು ಎನ್ನಬೇಡಿ. ಸಮೀಕ್ಷೆ ನೋಡುವುದು ವರ್ಷ ಎರಡು ವರ್ಷ ಹಿಂದೆ ಹುಟ್ಟಿದವರನ್ನು. ತಿಂಗಳ ವರದಿ ಎಣಿಸುವುದು ಈ ತಿಂಗಳ ಚುಚ್ಚುಮದ್ದನ್ನು. ಒಂದು ಜಿಲ್ಲೆಯಲ್ಲಿ ಸಮೀಕ್ಷೆಗೆ ಸಿಗುವ ಆ ವಯಸ್ಸಿನ ಮಕ್ಕಳೂ ಕಡಿಮೆ, ಅಂಕಿ ಶೇ 5–6ರಷ್ಟು ಅತ್ತಿತ್ತ ಆಗುವುದು ಸಹಜ. ಇನ್ನೊಂದು ಬಲೆಯೂ ಇದೆ. 2019–21ರಲ್ಲಿ ದೇಶದ ಅಂಕಿ ಕಾರ್ಡು ಅಥವಾ ತಾಯಿಯ ನೆನಪು ಎರಡನ್ನೂ ಸೇರಿಸಿದಾಗ ಶೇ 76.4, ಕಾರ್ಡು ತೋರಿಸಿದ ಮಕ್ಕಳನ್ನಷ್ಟೇ ಎಣಿಸಿದಾಗ ಶೇ 83.8. ಕಾರ್ಡು ಜೋಪಾನ ಮಾಡಿದ ಮನೆಯೇ ಲಸಿಕೆಯನ್ನೂ ಹಾಕಿಸಿರುತ್ತದೆ. ಭಾಷಣಕ್ಕೆ ಎರಡನೆಯ ಅಂಕಿ ಚೆನ್ನಾಗಿ ಕೇಳಿಸುತ್ತದೆ.

ರಿಜಿಸ್ಟರ್ ಯಾವಾಗಲೂ ಉಬ್ಬಿಸಿಯೇ ಹೇಳುತ್ತದೆ ಎಂದೂ ಅಲ್ಲ. ಆಸ್ಟ್ರೇಲಿಯಾ 1996ರಲ್ಲಿ ಇಡೀ ದೇಶಕ್ಕೆ ಮಕ್ಕಳ ಲಸಿಕೆ ನೋಂದಣಿ ತಂದಾಗ ಅಲ್ಲಿ ಆದದ್ದು ತಿರುಗು ಮುರುಗು. ವೈದ್ಯರು ಹಾಕಿದ ಲಸಿಕೆಯ ವಿವರ ನೋಂದಣಿಗೆ ತಲುಪದೆ, ನಿಜಕ್ಕಿಂತ ಕಡಿಮೆ ವ್ಯಾಪ್ತಿ ಕಾಣುತ್ತಿತ್ತು. ನಮ್ಮ ನಗರಗಳಲ್ಲೂ ಖಾಸಗಿ ಮಕ್ಕಳ ವೈದ್ಯರ ಬಳಿ ಹಾಕಿಸಿದ ಲಸಿಕೆಯ ಗತಿ ಇದೇ. ಆ ಕ್ಲಿನಿಕ್ಕಿನ ಪುಟ್ಟ ಪುಸ್ತಕದಲ್ಲಿ ‘ಹೆಕ್ಸಾ’ (ಆರು ರೋಗಗಳ ಲಸಿಕೆ) ಎಂದಿರುತ್ತದೆ, ಸರ್ಕಾರಿ ರಿಜಿಸ್ಟರಿನಲ್ಲಿ ಆ ಕಾಲಮ್ಮೇ ಇಲ್ಲ. ನಗರದ ವಾರ್ಡ್ ಪರಿಶೀಲಿಸುವವರು ಈ ಮಕ್ಕಳನ್ನು ‘ಲಸಿಕೆ ಆಗಿಲ್ಲ’ ಎಂದು ಬರೆಯುವ ಮೊದಲು ಆ ಪುಸ್ತಕ ಕೇಳಿ ನೋಡಿ.

ಯು-ವಿನ್ ಬಗ್ಗೆ

2023ರ ಜನವರಿಯಲ್ಲಿ 65 ಜಿಲ್ಲೆಗಳಲ್ಲಿ ಪ್ರಯೋಗವಾಗಿ ಶುರುವಾದ ಯು-ವಿನ್ ತವರು–ಗಂಡನ ಮನೆ ಗೋಜಲನ್ನು ಬಿಡಿಸಬಲ್ಲದು. ಮಗು ಯಾವ ಊರಿನಲ್ಲಿ ಹಾಕಿಸಿಕೊಂಡರೂ ಒಂದೇ ಖಾತೆಗೆ ಸೇರಬೇಕು ಎಂಬುದು ಅದರ ಉದ್ದೇಶ. ಉದ್ದೇಶ ಕೈಗೂಡುವುದು ತಾಯಿಯ ಫೋನ್ ಸಂಖ್ಯೆ ಸರಿಯಿದ್ದರೆ ಮಾತ್ರ. ಮನೆಗೊಂದೇ ಫೋನ್, ಅದೂ ದುಡಿಯಲು ಹೋದ ಗಂಡನ ಜೇಬಿನಲ್ಲಿ. ಒಟಿಪಿ ಬರುವುದಿಲ್ಲ, ಸಾಲು ಬೆಳೆಯುತ್ತದೆ, ಹೊಸ ನೋಂದಣಿ ಮಾಡಿ ಮುಗಿಸುತ್ತಾರೆ. ಆದ್ದರಿಂದ ತಂತ್ರಾಂಶದಲ್ಲಿ ಮೊದಲು ಹುಡುಕಬೇಕಾದದ್ದು ಒಂದೇ ಫೋನ್ ಸಂಖ್ಯೆಗೆ ಅಂಟಿಕೊಂಡ ಹಲವು ಮಕ್ಕಳನ್ನು, ಒಂದೇ ಜನ್ಮದಿನಾಂಕ ಮತ್ತು ಒಂದೇ ತಾಯಿಯ ಹೆಸರಿನ ಎರಡು ಸಾಲುಗಳನ್ನು. ಕಂಪ್ಯೂಟರಿನಲ್ಲಿ ಇದೆ ಎಂದ ಮಾತ್ರಕ್ಕೆ ಭಟ್ಟಿಯ ಮಗು ಅದರೊಳಗೆ ತಾನಾಗಿಯೇ ಬರುವುದಿಲ್ಲ.

ಹೆಜ್ಜೆ 6: ಸಿಕ್ಕಿದ್ದನ್ನು ಬರೆಯುವುದು

ಸಿಸ್ಟರ್ ಮೇಲೆ ವರದಿ ಬರೆಯಬೇಡಿ. ಶೇ 95ಕ್ಕಿಂತ ಕಡಿಮೆ ತೋರಿಸಿದವರಿಗೆ ನೋಟಿಸ್ ಕೊಡುವ ಕಡೆ 95ಕ್ಕಿಂತ ಕಡಿಮೆ ಎಂದೂ ಕಾಣುವುದಿಲ್ಲ. ಜಗತ್ತಿನ ಮಟ್ಟದಲ್ಲೂ ಇದು ನಡೆದಿದೆ. ಗವಿ ಎಂಬ ಅಂತರರಾಷ್ಟ್ರೀಯ ಲಸಿಕೆ ಒಕ್ಕೂಟ ಬಡ ದೇಶಗಳಿಗೆ ಹೆಚ್ಚುವರಿಯಾಗಿ ಲಸಿಕೆ ಪಡೆದ ಪ್ರತಿ ಮಗುವಿಗೆ 20 ಡಾಲರ್‌ನಂತೆ ಕೊಟ್ಟಿತು. 2008ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬಂದ ವಿಶ್ಲೇಷಣೆಯಂತೆ, ಹಲವು ದೇಶಗಳ ಅಧಿಕೃತ ವರದಿಗಳು ತೋರಿಸಿದಷ್ಟು ಏರಿಕೆ ಮನೆಮನೆ ಸಮೀಕ್ಷೆಗಳಲ್ಲಿ ಕಾಣಲಿಲ್ಲ.

ಒಂದು ಹಾಳೆಯಲ್ಲಿ ನಾಲ್ಕು ಸಂಗತಿ ಬರೆದು ವೈದ್ಯಾಧಿಕಾರಿಗೂ ಗ್ರಾಮ ಸಮಿತಿಗೂ ಕೊಡಿ: ಮರು ಎಣಿಕೆಯ ಅನುಪಾತ, ನಿಮ್ಮ ಅಂದಾಜಿನ ಮಕ್ಕಳ ಸಂಖ್ಯೆ ಮತ್ತು ಪುಸ್ತಕದ ಸಂಖ್ಯೆ, ಬೆಳಗಿನ ಹತ್ತರಲ್ಲಿ ತಾಳೆಯಾದವು ಎಷ್ಟು, ಮಧ್ಯಾಹ್ನದ ಹತ್ತರಲ್ಲಿ ಪುಸ್ತಕದಲ್ಲಿ ಸಿಕ್ಕವು ಎಷ್ಟು, ಸಿಗದವು ಯಾವ ಜಾಗದವು. ಸಿಗದ ಮಕ್ಕಳ ಹೆಸರನ್ನು ಅಂದೇ ಸಂಜೆ ಆಶಾ ಕಾರ್ಯಕರ್ತೆಯ ಮುಂದಿನ ಡ್ಯೂ ಲಿಸ್ಟಿಗೆ ಸೇರಿಸಿ.

ಆ ಭಟ್ಟಿಯ ಎರಡು ಕೂಸುಗಳಿಗೆ ಮರುವಾರ ಲಸಿಕೆ ಹಾಕಲಾಯಿತು. ಬರೆಯುವ ಹೊತ್ತಿಗೆ ಸಿಸ್ಟರ್ ಪೆನ್ನು ಹಿಡಿದು ಯೋಚಿಸಿದರು: ಇವರ ಊರು ಬೇರೆ ಜಿಲ್ಲೆ, ಮಳೆಗಾಲಕ್ಕೆ ಹೊರಟುಹೋಗುತ್ತಾರೆ, ಯಾವ ಪುಟದಲ್ಲಿ ಬರೆಯಲಿ? ಕೊನೆಗೆ ರಿಜಿಸ್ಟರಿನ ಹಿಂಬದಿಯ ಖಾಲಿ ಹಾಳೆಗೆ ಗೆರೆ ಎಳೆದು ‘ಹೊರಗಿನವರು’ ಎಂದು ತಲೆಬರಹ ಕೊಟ್ಟರು. ಈಗ ಯಾವ ಉಪಕೇಂದ್ರಕ್ಕೆ ಹೋದರೂ ನಾನು ಮೊದಲು ಕೊನೆಯ ಪುಟ ತೆರೆಯುತ್ತೇನೆ. ಅಲ್ಲಿ ಗೆರೆ ಎಳೆದಿದ್ದರೆ ಉಳಿದ ಪುಟಗಳನ್ನು ಓದುವಾಗ ಅನುಮಾನ ಸ್ವಲ್ಪ ಕಡಿಮೆ.